ಪಟೇಲರ ಕಂಬ

ಅಬ್ದಲಿ ಕಡೆಯ ಜಾಗ, ಕುವೈತ್
12 ಸೆಪ್ಟೆಂಬರ್ 2024, ಗುರುವಾರ

ಅಕ್ಕನಿಗೆ ದೇಜುವಿನ ನಮಸ್ಕಾರ.

ನಾಲ್ಕು ದಿನದಿಂದ ಫೋನ್ ಮಾಡಿ ಮಾಡಿ ನನಗೆ ಬೈದಿರುತ್ತೀ. ಬೈದದ್ದನ್ನು ವಾಪಸ್ ತೆಗೆದುಕೋ. ಇಲ್ಲಿ ನಮ್ಮೆಲ್ಲರ ಫೋನ್‌ಗಳನ್ನು ಚಿಕ್ಕ ಧಣಿ ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ. ಯಾರೋ ಬೇಲಿಯೊಳಗಿನ ಜಿಂಕೆಗಳ ಪಟ ತೆಗೆದು ಊರಿಗೆಲ್ಲ ಕಳಿಸಿದರಂತೆ. ಬೇಸಿಗೆ ಬರುವ ತನಕ ಫೋನ್ ಇಲ್ಲ, ಖಲಾಸ್. ಸೌತೆಕಾಯಿ ಲೋಡ್ ತೆಗೆದುಕೊಂಡು ವಾರಕ್ಕೊಮ್ಮೆ ಪೇಟೆಗೆ ಬರುವ ನಮ್ಮ ಶ್ಯಾಮಸುಂದರ್ ಭಾಯಿ ಇದ್ದಾನಲ್ಲ, ಅವನ ಪಿಕಪ್ ನಿಮ್ಮ ರುಮೈಥಿಯಾದ ಮೇಲೆಯೇ ಹೋಗುತ್ತದೆ. ಅವನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಹೆಂಡತಿ ಇದ್ದಿದ್ದರೆ ಅವಳಿಗೆ ಬರೆಯುತ್ತಿದ್ದೆ, ಇಲ್ಲದ್ದರಿಂದ ನಿನ್ನ ತಲೆ ತಿನ್ನುತ್ತೇನೆ.

ಹೊಸ ಕೆಲಸ ಬಂದಿದೆ. ದೊಡ್ಡ ಧಣಿ ತೀರಿಕೊಂಡದ್ದು ನಿನಗೆ ಗೊತ್ತು. ಅವರು ಮಕ್ಕಳ ಹಾಗೆ ಸಾಕಿದ್ದ ಜಿಂಕೆಗಳು ಈಗ ಮಗನ ಪಾಲಿಗೆ ಬಂದಿವೆ. ದೋಣಿ ಕಟ್ಟುವ ನನ್ನನ್ನು ಬೇಲಿ ರಿಪೇರಿಗೆ ಹಚ್ಚಿದ್ದು ಸಾಲದೆ, ಈಗ ಜಿಂಕೆಗಳಿಗೆ ಮೈ ಉಜ್ಜಿಕೊಳ್ಳಲು ಕಂಬ ಮಾಡು ಎನ್ನುತ್ತಾನೆ. ನನಗೆ ಖುಷಿಯೇ ಆಯಿತು. ನಮ್ಮ ಹಟ್ಟಿಯಲ್ಲಿ ಎಮ್ಮೆಗಳಿಗೆ ಅಪ್ಪ ಹುಗಿದಿದ್ದ ಹಲಸಿನ ಕಂಬ ನೆನಪಾಯಿತು. ಉಣ್ಣಿ ಕಡಿದಾಗ ಪಾಪ ಅವಕ್ಕೆ ಕೈ ಎಲ್ಲಿದೆ ತುರಿಸಿಕೊಳ್ಳಲು? ಅಂತೂ ಹುಡುಗನಿಗೆ ಅಪ್ಪನ ಗುಣ ಸ್ವಲ್ಪ ಬಂದಿದೆ ಅಂದುಕೊಂಡೆ.

ಖರ್ಜೂರದ ಮರದ ತುಂಡು ಹುಗಿದೆ. ಒಂದೂ ಹತ್ತಿರ ಬರಲಿಲ್ಲ. ಇಲ್ಲಿ ಒಂದು ಹಳೆಯ ಗಂಡು ಇದೆ, ಕೊಂಬು ಅಂದರೆ ನಮ್ಮ ಅಕ್ಕಿ ಗೇರುವ ಗೆರಸೆಯಷ್ಟು ಅಗಲ. ಹೊಟ್ಟೆ ಮುಂದೆ ಮಾಡಿಕೊಂಡು ನಿಧಾನ ನಡೆಯುತ್ತದೆ. ನಾನು ಪಟೇಲರು ಎಂದು ಹೆಸರಿಟ್ಟಿದ್ದೇನೆ. ಧಣಿಗೆ ಏಕವಚನ, ಜಿಂಕೆಗೆ ಬಹುವಚನ ಎಂದು ನೀನು ನಗಬಹುದು. ನೋಡಿದರೆ ನೀನೂ ಹಾಗೆಯೇ ಕರೆಯುತ್ತೀ. ಪಟೇಲರು ಬಂದರು, ಕಂಬವನ್ನು ಮೂಸಿದರು, ನನ್ನನ್ನೊಮ್ಮೆ ನೋಡಿ ಹೋದರು. ಮೂವತ್ತು ವರ್ಷ ಉಳಿ ಹಿಡಿದ ಬಡಗಿಗೆ ಇದಕ್ಕಿಂತ ದೊಡ್ಡ ಅವಮಾನ ಆಗಿಲ್ಲ.

ಯಾವಾಗ ಭೇಟಿ? ಒಂದೂವರೆ ಗಂಟೆಯ ದಾರಿ, ಮೂರು ವರ್ಷದಲ್ಲಿ ಎರಡು ಸಲ ನೋಡಿದ್ದೇವೆ. ನಿನ್ನ ಮನೆಯೊಡತಿ ಮಾಮಾ ಹತ್ತಿರ ಒಂದು ಶುಕ್ರವಾರ ರಜೆ ಕೇಳು.

ದೇಜು

◆

ರುಮೈಥಿಯಾ
19 ಸೆಪ್ಟೆಂಬರ್ 2024

ದೇಜುವಿಗೆ ಅಕ್ಕನ ಆಶೀರ್ವಾದ.

ನಿನ್ನ ಅಕ್ಷರ ಇನ್ನೂ ಐದನೇ ಕ್ಲಾಸಿನದ್ದೇ. ಆದರೂ ಮೂರು ಸಲ ಓದಿದೆ. ಪಕ್ಕದ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಲೆನ್ ಬಾಯಿಗೂ ಓದಿ ಹೇಳಿದೆ. ಪಟೇಲರ ಕಥೆ ಕೇಳಿ ಅವಳು ಚಹಾ ಚೆಲ್ಲಿಕೊಂಡಳು. ಇನ್ನು ಮೇಲೆ ಕಾಗದವನ್ನು ಅವಳ ಕೈಯಲ್ಲೇ ಕೊಡಲು ನಿನ್ನ ಭಾಯಿಗೆ ಹೇಳು. ನನ್ನ ಮಾಮಾಗೆ ಬಾಗಿಲಿಗೆ ಗಂಡಸರು ಬಂದರೆ ಆಗುವುದಿಲ್ಲ. ಮುದುಕಿ, ಕಣ್ಣು ಕಾಣುವುದಿಲ್ಲ, ಕಿವಿ ಮಾತ್ರ ಬೀದಿಯ ತುದಿಯವರೆಗೆ ಕೇಳುತ್ತದೆ.

ಕಂಬದ ವಿಷಯ. ದೋಣಿ ಕಟ್ಟಿದ್ದೀ, ಹಟ್ಟಿ ಕೆಲಸ ಮಾಡಿದ್ದು ನಾನು. ಅಪ್ಪ ಹೊಸ ಕಂಬ ಹುಗಿದಾಗ ನಮ್ಮ ಎಮ್ಮೆಯೂ ಹತ್ತಿರ ಹೋಗಿರಲಿಲ್ಲ, ನಿನಗೆ ನೆನಪಿಲ್ಲವಾ? ಅಜ್ಜಿ ಏನು ಮಾಡಿದಳು ಅಂದರೆ, ಒಂದು ಗೋಣಿ ತುಂಡು ತೆಗೆದುಕೊಂಡು ಎಮ್ಮೆಯ ಹಣೆ, ಕಿವಿಯ ಹಿಂದೆ ಎಲ್ಲ ಚೆನ್ನಾಗಿ ಒರೆಸಿ, ಅದನ್ನು ಕಂಬಕ್ಕೆ ಉಜ್ಜಿದಳು. ಮರುದಿನವೇ ಎಮ್ಮೆ ಹೋಯಿತು. ತನ್ನ ಜಾತಿಯದ್ದು ಇಲ್ಲಿಗೆ ಬಂದು ಹೋಗಿದೆ ಎಂದು ಮೂಗಿಗೆ ಗೊತ್ತಾಗಬೇಕು, ಆಮೇಲೆ ಮೈ ಧೈರ್ಯ ಮಾಡುತ್ತದೆ. ಇಲ್ಲಿಗೆ ನೀನು ಬಂದದ್ದೂ ಹಾಗೆಯೇ ಅಲ್ಲವಾ? ಆಗಲೇ ಹದಿನಾಲ್ಕು ವರ್ಷದಿಂದ ನಾನು ಇಲ್ಲಿದ್ದೆ ಎನ್ನುವ ಧೈರ್ಯದ ಮೇಲೆ. ಖರ್ಜೂರ ಬಿಡು, ಅದರಲ್ಲಿ ನಾರು ಮಾತ್ರ. ಸಿಪ್ಪೆ ಇರುವ ಹಸಿ ಮರ ನೋಡು.

ನನಗೆ ಹೊಟ್ಟೆಯಲ್ಲಿ ಸ್ವಲ್ಪ ಗ್ಯಾಸ್. ಹೆಲೆನ್ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದಳು, ಮಾತ್ರೆ ಕೊಟ್ಟಿದ್ದಾರೆ. ಊರಿನಲ್ಲಿ ಮಗಳು ಅಕ್ಷಿತಾ ಶಾಲೆಯ ಟೀಚರ್ ಕೆಲಸ, ಮನೆ ಎಂದು ಆರಾಮ ಇದ್ದಾಳೆ. ನೀನು ಮಾತ್ರ ಆ ಹುಡುಗನ ಹತ್ತಿರ ಸಿಟ್ಟು ತೋರಿಸಬೇಡ. ನಿನ್ನ ಸಿಟ್ಟು ನನಗೆ ಗೊತ್ತು. ಜೂನ್‌ಗೆ ನಿನ್ನ ಕರಾರು ಮುಗಿಯುತ್ತದೆ, ಅಲ್ಲಿಯವರೆಗೆ ಹಲ್ಲು ಕಚ್ಚು. ಹೇಳದೆ ಕೇಳದೆ ಬಿಟ್ಟುಬಂದರೆ ವೀಸಾ ಕೊಟ್ಟ ಕಫೀಲ್ ಕೇಸ್ ಹಾಕುತ್ತಾರೆ, ಆಮೇಲೆ ಜೈಲು. ನಿನ್ನನ್ನು ಇಲ್ಲಿಗೆ ಕರೆಸಿದವಳು ನಾನು, ಅದನ್ನು ನೋಡುವ ಹಣೆಬರಹ ನನಗೆ ಬೇಡ.

ವಾರಿಜಾ

◆

10 ಅಕ್ಟೋಬರ್ 2024
ಅಬ್ದಲಿ ಕಡೆ

ಅಕ್ಕ, ನಿನ್ನ ಕಾಲು ಎಲ್ಲಿದೆ, ಅಡ್ಡ ಬೀಳುತ್ತೇನೆ!

ಬೋರೆ ಮರ ಸಿಕ್ಕಿತು. ಬೇಲಿಗೆ ಅಡ್ಡ ಬಂತೆಂದು ಕಡಿದಿದ್ದರು. ತೊಡೆಯಷ್ಟು ದಪ್ಪದ್ದೊಂದನ್ನು ಆರಿಸಿ, ಎರಡೂವರೆ ಅಡಿ ನೆಲದೊಳಗೆ, ಐದಡಿ ಮೇಲೆ ಬರುವ ಹಾಗೆ ಹುಗಿದೆ. ಮರಳಿನಲ್ಲಿ ಅಲ್ಲಾಡದ ಹಾಗೆ ನಿಲ್ಲಿಸುವುದು ಸುಲಭವಲ್ಲ, ಸುತ್ತ ಕಲ್ಲು ಬಡಿದೆ. ಸೊಂಟದ ಎತ್ತರದಲ್ಲಿ ಸಿಪ್ಪೆಯನ್ನು ಅರದಿಂದ ಅಲ್ಲಲ್ಲಿ ಕೆರೆದು, ಬೇರೊಂದು ಜಿಂಕೆ ಮೊದಲೇ ಕೊಂಬು ತಿಕ್ಕಿದ ಹಾಗೆ ಗಾಯ ಮಾಡಿದೆ. ಮೇಲೆ ನಮ್ಮ ತೆಂಗಿನ ನಾರಿನ ಹಗ್ಗ ನಾಲ್ಕು ಸುತ್ತು. ನೀನು ಹೇಳಿದ ಹಾಗೆ ಬಟ್ಟೆ. ಪಟೇಲರಿಗೆ ಸೌತೆಕಾಯಿ ಕೊಟ್ಟು ಹಣೆ ಒರೆಸಿದೆ. ದೊಡ್ಡ ಧಣಿಯ ಕೈಯಲ್ಲಿ ಬೆಳೆದ ಪ್ರಾಣಿ, ಮನುಷ್ಯರ ಹೆದರಿಕೆಯೇ ಇಲ್ಲ, ಕಣ್ಣು ಮುಚ್ಚಿ ನಿಂತರು. ಕಣ್ಣ ಹತ್ತಿರ ಎಣ್ಣೆಯ ಹಾಗೆ ಅಂಟಂಟು, ಘಾಟು ವಾಸನೆ. ಆ ಬಟ್ಟೆಯನ್ನು ಹಗ್ಗಕ್ಕೆ ತಿಕ್ಕಿ, ಉಳಿದದ್ದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟೆ.

ಮೊದಲು ಸಣ್ಣ ಗಂಡುಗಳು ಬಂದವು. ಮೂರನೆಯ ದಿನ ಸಂಜೆ ಪಟೇಲರೇ ಬಂದರು. ತಮ್ಮದೇ ವಾಸನೆ, ಆದರೂ ಇನ್ಯಾರೋ ಬಂದಿದ್ದಾನೆ ಎಂದು ಅಂದುಕೊಂಡಿರಬೇಕು. ಕೊಂಬು ಕೊಟ್ಟು ಕಂಬವನ್ನು ಉಜ್ಜಿದರು ನೋಡು, ಸಿಪ್ಪೆ ಹಾರಿತು. ಆಮೇಲೆ ಹಣೆ ಒತ್ತಿಕೊಂಡು ತುಂಬಾ ಹೊತ್ತು ಸುಮ್ಮನೆ ನಿಂತರು. ನಾನು ಬೇಲಿಯಾಚೆ ಕೂತು ನೋಡುತ್ತಿದ್ದೆ. ಈ ಮರುಭೂಮಿಗೆ ಬಂದ ಮೇಲೆ ನನ್ನ ಕೈಯಿಂದ ಆದ ಒಳ್ಳೆಯ ಕೆಲಸ ಇದೊಂದೇ ಎಂದು ಅನ್ನಿಸಿತು, ಅಕ್ಕ. ಅಳು ಬಂತು.

ಚಿಕ್ಕ ಧಣಿ ನನ್ನ ಬೆನ್ನು ತಟ್ಟಿದ. ಕಂಬದಿಂದ ಇಪ್ಪತ್ತೈದು ಹೆಜ್ಜೆ ದೂರಕ್ಕೆ ಹಲಗೆಯ ಒಂದು ಸಣ್ಣ ಕೋಣೆ ಮಾಡಿಸಿದ್ದಾನೆ, ಅದೂ ನನ್ನದೇ ಕೆಲಸ. ಒಳಗೆ ಎರಡು ಕುರ್ಚಿ, ಎದುರಿಗೆ ಕಿಂಡಿ. ನವೆಂಬರ್‌ನಲ್ಲಿ ಸ್ನೇಹಿತರು ಬಂದು ಕೂತು ಜಿಂಕೆ ನೋಡುತ್ತಾರಂತೆ. ಏಪ್ರಿಲ್ ಹೊತ್ತಿಗೆ ಈ ಗಂಡುಗಳ ಕೊಂಬು ತಾನಾಗಿಯೇ ಉದುರಿ ಹೊಸದು ಬರುತ್ತದಂತೆ. ನನಗೆ ಗೊತ್ತೇ ಇರಲಿಲ್ಲ.

ಯಾವಾಗ ಭೇಟಿ? ಗ್ಯಾಸ್ ಹೇಗಿದೆ?

ದೇಜು

◆

ರುಮೈಥಿಯಾ
24 ಅಕ್ಟೋಬರ್ 2024

ದೇಜುವಿಗೆ,

ಅಜ್ಜಿಯ ವಿದ್ಯೆ ಅರಬರ ನಾಡಿನಲ್ಲೂ ನಡೆಯಿತು ನೋಡು! ಹೆಲೆನ್‌ಗೆ ಹೇಳಿದೆ, ಅವಳು ತಾನು ನೋಡಿಕೊಳ್ಳುವ ಮಕ್ಕಳಿಗೆ ಹೇಳಿದಳು. ಆ ಮಕ್ಕಳಿಗೆ ಈಗ ದಿನಾ ರಾತ್ರಿ ಮಲಗಲು ಪಟೇಲರ ಕಥೆಯೇ ಬೇಕು.

ಆ ಕೋಣೆಯ ಕಿಂಡಿ ಅಷ್ಟು ಸಣ್ಣದು ಯಾಕೆ? ನೋಡುವುದಕ್ಕಾದರೆ ದೊಡ್ಡ ಕಿಟಕಿ ಇಡಬಹುದಲ್ಲ. ಬಿಸಿಲು ಎಂದು ಇರಬೇಕು.

ಕೊಂಬು ಉದುರಿದರೆ ಒಂದು ನನಗೆ. ಊರಿನ ಮನೆಯ ಬಾಗಿಲ ಹತ್ತಿರ ಹೊಡೆದು ಕೊಡೆ ನೇತುಹಾಕುತ್ತೇನೆ. ಬಂದವರಿಗೆಲ್ಲ, ಇದು ನನ್ನ ತಮ್ಮ ಸಾಕಿದ ಪಟೇಲರದ್ದು ಎಂದು ಹೇಳಬೇಕು. ಹದಿನೇಳು ವರ್ಷ ಬೇರೆಯವರ ಮನೆಯ ವಸ್ತುಗಳನ್ನೇ ಒರೆಸಿದ್ದೇನೆ, ಅದೊಂದು ನನ್ನದು ಎಂದು ಒರೆಸುವ ಆಸೆ.

ನಾನು ಚೆನ್ನಾಗಿದ್ದೇನೆ. ಸ್ವಲ್ಪ ತೆಳ್ಳಗಾಗಿದ್ದೇನೆ, ಒಳ್ಳೆಯದೇ. ಈ ಶುಕ್ರವಾರ ಆಗುವುದಿಲ್ಲ, ಮಾಮಾಗೆ ಮೈ ಸರಿ ಇಲ್ಲ.

ವಾರಿಜಾ

◆

9 ನವೆಂಬರ್ 2024
(ಇದನ್ನು ಕಳಿಸುವುದಿಲ್ಲ)

ಅಕ್ಕ,

ಕಿಂಡಿ ಸಣ್ಣದು ಯಾಕೆಂದು ನೀನು ಕೇಳಿದ್ದೆ. ನಿನಗೆ ಕಂಡದ್ದು ಅದನ್ನು ಕೊಯ್ದ ನನಗೆ ಕಾಣಲಿಲ್ಲ.

ನಿನ್ನೆ ಮೂರು ಜನ ಸ್ನೇಹಿತರು ಬಂದರು. ಸಂಜೆ ಕೋಣೆಯೊಳಗೆ ಕೂತರು. ನಾನು ಅವರಿಗೆ ಕಾಫಿಯ ಫ್ಲಾಸ್ಕ್ ಕೊಟ್ಟು ಹೊರಗೆ ಬಂದೆ. ಪಟೇಲರು ಎಂದಿನ ಹೊತ್ತಿಗೆ, ಎಂದಿನ ನಡಿಗೆಯಲ್ಲಿ ಬಂದರು. ಕಂಬಕ್ಕೆ ಹಣೆ ಒತ್ತಿದರು. ಅಷ್ಟರಲ್ಲಿ ಕಿಂಡಿಯಿಂದ ಕೋವಿಯ ನಳಿಗೆ ಕಂಡಿತು. ಒಂದು ಚಪ್ಪಾಳೆ ತಟ್ಟಿದ್ದರೂ ಸಾಕಿತ್ತು. ತಟ್ಟಲಿಲ್ಲ.

ಬಿದ್ದ ಮೇಲೂ ಅವರ ಕೊಂಬು ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಬಿಡಿಸಲು ನನ್ನನ್ನೇ ಕರೆದರು. ತಲೆಯನ್ನು ದೂರದಿಂದ ಬಂದ ಅತಿಥಿಗೆ ಕೊಟ್ಟರು, ಅವನು ಗೋಡೆಗೆ ಹೊಡೆಸುತ್ತಾನಂತೆ. ಚಿಕ್ಕ ಧಣಿ ಎಲ್ಲರೆದುರು ನನ್ನನ್ನು ತೋರಿಸಿ, “ಇವನೇ ಕಂಬ ಮಾಡಿದವನು, ಶಾತಿರ್!” ಎಂದ. ಜಾಣ ಎಂದು ಅರ್ಥ. ಮೈ ಉಜ್ಜಿಕೊಳ್ಳಲು ಎಂದರೆ ನಾನು ಎಮ್ಮೆಯ ಹಟ್ಟಿ ಎಂದುಕೊಂಡೆ. ಬೇಟೆಗೆ ಕರೆಯಲು ಹೀಗೆ ಕಂಬ ಹುಗಿಯುತ್ತಾರೆ ಎಂದು ಯಾವ ಬಡಗಿಗೆ ಗೊತ್ತಿರುತ್ತದೆ?

ಹಣೆ ಒರೆಸಿದ ಬುದ್ಧಿ ನೀನು ಹೇಳಿಕೊಟ್ಟದ್ದು. ಆದ್ದರಿಂದ ಇದು ನಿನಗೆ ತಿಳಿಯಬಾರದು. ತಿಳಿದರೆ ನೀನು ಅನ್ನ ಬಿಡುತ್ತೀ.

◆

14 ನವೆಂಬರ್ 2024

ಅಕ್ಕನಿಗೆ,

ಕೆಲಸ ಜಾಸ್ತಿ, ಎರಡೇ ಸಾಲು. ಸ್ನೇಹಿತರು ಬಂದು ನೋಡಿ ಹೋದರು. ಪಟೇಲರು ಚೆನ್ನಾಗಿದ್ದಾರೆ, ದಿನಾ ಸಂಜೆ ಬರುತ್ತಾರೆ. ಇನ್ನೂ ನಾಲ್ಕು ಕಂಬ ಮಾಡಲು ಹೇಳಿದ್ದಾರೆ. ಉಳಿ ತಾಗಿ ಬಲಗೈಗೆ ಗಾಯ ಆಗಿದೆ, ಸದ್ಯಕ್ಕೆ ಆಗುವುದಿಲ್ಲ ಎಂದಿದ್ದೇನೆ. ದೊಡ್ಡ ಗಾಯ ಅಲ್ಲ, ನೀನು ಹೆದರಬೇಡ.

ಯಾವಾಗ ಭೇಟಿ? ಈ ಸಲ ನಿಜವಾಗಿ ನೋಡಬೇಕು ಅನ್ನಿಸುತ್ತಿದೆ.

ದೇಜು

◆

ರುಮೈಥಿಯಾ
12 ಡಿಸೆಂಬರ್ 2024

ದೇಜುವಿಗೆ ಆಶೀರ್ವಾದ.

ಗಾಯಕ್ಕೆ ಅರಿಸಿನ ಹಾಕಿದೆಯಾ? ಬಲಗೈಗೆ ಗಾಯ ಆದವನ ಅಕ್ಷರ ಇಷ್ಟು ನೆಟ್ಟಗೆ ಹೇಗೆ? ಎಡಗೈಯಲ್ಲಿ ಬರೆಯಲು ಕಲಿತೆಯೋ? ಹೋಗಲಿ, ನಿನಗೆ ಮಾಡಲು ಮನಸ್ಸಿಲ್ಲದ ಕೆಲಸ ಬಂದಾಗಲೆಲ್ಲ ನಿನ್ನ ಕೈಗೆ ಗಾಯ ಆಗುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ.

ಇಲ್ಲಿ ಎಲ್ಲ ಒಳ್ಳೆಯದು. ಬೆಳಿಗ್ಗೆ ಬೇಗ ಎದ್ದೆ. ಮೀನಿನವನ ಸ್ಕೂಟರಿನ ಹಾರ್ನ್ ಕೇಳಿತು. ಆಮೇಲೆ ಕೋ-ಆಪರೇಟಿವ್ ಅಂಗಡಿಗೆ ಹೋಗಿ ಎರಡು ಕೈಯಲ್ಲಿ ಎರಡು ಭಾರದ ಚೀಲ ಹೊತ್ತು ಬಂದೆ. ಮಾಮಾಗೆ ಮಚ್‌ಬೂಸ್ ಮಾಡಿದೆ, ನಾನೂ ಹೊಟ್ಟೆ ತುಂಬಾ ತಿಂದೆ. ಗ್ಯಾಸ್ ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ಅಕ್ಷರ ಅಲ್ಲಾಡಿದ್ದರೆ ಪೆನ್ನಿನ ದೋಷ.

ಪಟೇಲರ ವಿಷಯ ಎರಡೇ ಸಾಲು ಬರೆದದ್ದು ನನಗೆ ಸಾಲಲಿಲ್ಲ. ಮುಂದಿನ ಸಲ ಪುಟ ತುಂಬಾ ಬರೆ. ಮಲಗಿಕೊಂಡು ಓದಲು ಬೇಕು.

ವಾರಿಜಾ

◆

16 ಜನವರಿ 2025
(ಇದನ್ನೂ ಕಳಿಸುವುದಿಲ್ಲ)

ಅಕ್ಕ,

ರುಮೈಥಿಯಾದ ಬೀದಿಯಲ್ಲಿ ಮೀನಿನವನ ಹಾರ್ನ್ ಎಲ್ಲಿ ಕೇಳುತ್ತದೆ? ಕಾಗದ ನೋಡಿದರೆ ಕೆಂಪು ಗೆರೆಯ ನಮ್ಮ ಊರಿನ ಶಾಲೆಯ ನೋಟ್‌ಬುಕ್ಕಿನದ್ದು. ಒಂದು ತಿಂಗಳು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ನಿನ್ನೆ ಇಲ್ಲಿರಲು ಬೇಕಾದ ಇಕಾಮಾ ಪರವಾನಗಿಗೆ ಬೆರಳ ಗುರುತು ಕೊಡಲೆಂದು ನನ್ನನ್ನು ಪೇಟೆಗೆ ಕರೆದುಕೊಂಡು ಹೋದರು. ಕೆಲಸ ಬೇಗ ಮುಗಿಯಿತು. ಶ್ಯಾಮಸುಂದರ್ ಕಾಲು ಹಿಡಿದು ರುಮೈಥಿಯಾಕ್ಕೆ ಬಂದೆ. ನಿನ್ನ ಮನೆಯ ಬಾಗಿಲು ತೆಗೆದವಳು ಬೇರೆ ಹೆಂಗಸು. ಪಕ್ಕದ ಮನೆಗೆ ಹೋದೆ. ನನ್ನನ್ನು ಕಂಡ ಕೂಡಲೇ ಹೆಲೆನ್ ಬಾಯಿ ಕೈ ಮುಗಿದಳು. “ದೇಜಪ್ಪಣ್ಣ, ಅವಳು ಊರಿಗೆ ಹೋಗಿ ಒಂದೂವರೆ ತಿಂಗಳು ಆಯ್ತು. ಹೊಟ್ಟೆಯಲ್ಲಿ ಗಡ್ಡೆ ಅಂತೆ. ಲಿವರಿಗೆಲ್ಲ ಹಬ್ಬಿದೆ ಅಂತ ಡಾಕ್ಟ್ರು ಹೇಳಿದ್ದು. ನಿಮಗೆ ಹೇಳ್ಬಾರ್ದು ಅಂತ ನನ್ನ ಹತ್ರ ಆಣೆ ಹಾಕ್ಸಿಕೊಂಡ್ಳು. ಹೇಳಿದ್ರೆ ನೀವು ಎಲ್ಲ ಬಿಟ್ಟು ಓಡ್ತೀರಿ, ಜೈಲಾಗ್ತದೆ ಅಂತ” ಎಂದಳು.

ಊರಿನಿಂದ ಬರುವವರ ಕೈಯಲ್ಲಿ ನೀನು ಕಾಗದ ಕಳಿಸುತ್ತೀ, ಹೆಲೆನ್ ಅದನ್ನು ಪಿಕಪ್‌ಗೆ ಕೊಡುತ್ತಾಳೆ. ನನ್ನದು ಇಲ್ಲಿಂದ ಹೋಗುವವರ ಕೈಯಲ್ಲಿ ನಿನಗೆ. ಅವಳು ಫೋನ್ ಹಚ್ಚಿ ಕೊಡುತ್ತೇನೆ ಎಂದಳು. ನಾನು ಬೇಡ ಎಂದೆ. ಫೋನಿನಲ್ಲಿ ನಿನ್ನ ಸ್ವರ ಹೇಗಿದೆಯೋ ಏನೋ. ಕಾಗದದಲ್ಲಾದರೆ ನೀನು ಎರಡು ಕೈಯಲ್ಲಿ ಎರಡು ಚೀಲ ಹೊತ್ತು ನಡೆಯುತ್ತೀ, ಹೊಟ್ಟೆ ತುಂಬಾ ತಿನ್ನುತ್ತೀ. ನನಗೆ ಗೊತ್ತು ಎಂದು ಬರೆದರೆ ಆ ಅಕ್ಕನೂ ಇಲ್ಲವಾಗುತ್ತಾಳೆ. ಗೊತ್ತಾದದ್ದನ್ನು ನಿನಗೆ ಹೇಳಬಾರದೆಂದು ಹೆಲೆನ್ ಹತ್ತಿರ ನಾನೂ ಆಣೆ ಹಾಕಿಸಿಕೊಂಡೆ. ಪಾಪ, ಅವಳ ತಲೆಯ ಮೇಲೆ ಎರಡು ಆಣೆ.

ಇವತ್ತು ಬೆಳಿಗ್ಗೆ ಚಿಕ್ಕ ಧಣಿಯ ಹತ್ತಿರ ರಜೆ ಕೇಳಿದೆ. ಅಕ್ಕ ಸಾಯುತ್ತಿದ್ದಾಳೆ ಎಂದೆ. ಅವನು ನನ್ನ ಬಲಗೈಯನ್ನು ಹಿಡಿದು ತಿರುಗಿಸಿ ನೋಡಿದ. “ಕೈ ಸರಿ ಆಗಿದೆಯಲ್ಲ. ನಾಲ್ಕು ಕಂಬ ಹುಗಿ. ಫೆಬ್ರವರಿ ಕೊನೆಗೆ ಅತಿಥಿಗಳು ಬಂದು ಹೋಗಲಿ. ಈದ್ ಆದ ಕೂಡಲೇ ಪಾಸ್‌ಪೋರ್ಟ್ ಕೊಡುತ್ತೇನೆ, ಟಿಕೆಟ್ಟೂ ನನ್ನದೇ. ಯಲ್ಲಾ, ನಡಿ!” ಎಂದ.

ಮಾಡುತ್ತೇನೆ. ನಿನ್ನನ್ನು ನೋಡಬೇಕು. ಈದ್‌ವರೆಗೆ ಇರು, ಅಕ್ಕ.

◆

30 ಜನವರಿ 2025

ಪ್ರೀತಿಯ ಅಕ್ಕನಿಗೆ,

ಈ ಸಲ ನೀನು ಕೇಳಿದ ಹಾಗೆ ಪುಟ ತುಂಬಾ.

ಕೈ ವಾಸಿಯಾಗಿದೆ. ಕಂಬದ ಕೆಲಸ ಮತ್ತೆ ಶುರು ಮಾಡಿದ್ದೇನೆ, ಎರಡು ಆಗಿದೆ. ಡಬ್ಬಿಯಲ್ಲಿಟ್ಟ ಬಟ್ಟೆಯಲ್ಲಿ ಪಟೇಲರ ವಾಸನೆ ಇನ್ನೂ ಇದೆ. ಮುಚ್ಚಳ ತೆಗೆದರೆ ಘಮ್ ಎಂದು ಮೂಗಿಗೆ ಹೊಡೆಯುತ್ತದೆ. ಅದನ್ನು ಹಗ್ಗಕ್ಕೆ ತಿಕ್ಕಿದರೆ ಸಾಕು, ಉಳಿದ ಗಂಡುಗಳು ಎಲ್ಲಿದ್ದರೂ ಬರುತ್ತವೆ, ಪಟೇಲರು ಇಲ್ಲಿಯೇ ಎಲ್ಲೋ ಇದ್ದಾರೆ ಎಂದು ಸುತ್ತ ನೋಡುತ್ತವೆ.

ಪಟೇಲರಿಗೆ ಚಳಿಗಾಲದಲ್ಲಿ ರೋಮ ದಟ್ಟವಾಗಿದೆ. ನಿನ್ನೆ ಇಲ್ಲಿ ಎರಡು ಹನಿ ಮಳೆ ಬಂತು. ಎಲ್ಲವೂ ತಗಡಿನ ಅಡಿಗೆ ಓಡಿದವು, ಅವರು ಮಾತ್ರ ಬಯಲಿನಲ್ಲಿ ನಿಂತು ಮುಖ ಎತ್ತಿ ನೆನೆದರು. ಆಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು ಕೊಂಬಿನಿಂದ ತಟ್ಟಿದರು. ಸೌತೆಕಾಯಿ ಕೊಟ್ಟೆ. ಒಂದು ಸಾಲದೆಂದು ಇನ್ನೊಂದು ಕೇಳಿದರು. ವಯಸ್ಸಾಯಿತು, ಆದರೂ ಗತ್ತು ಕಡಿಮೆಯಾಗಿಲ್ಲ. ಅವರು ಇನ್ನೂ ತುಂಬಾ ವರ್ಷ ಇರುತ್ತಾರೆ ಎಂದು ಕಾಣುತ್ತದೆ.

ನೀನು ಭಾರ ಹೊರಬೇಡ. ಕೋ-ಆಪರೇಟಿವ್‌ನ ಹುಡುಗರಿಗೆ ಹೇಳಿದರೆ ಮನೆಗೆ ತಂದುಕೊಡುತ್ತಾರೆ. ಬಿಸಿನೀರು ಕುಡಿ. ರಾತ್ರಿ ಬೇಗ ಮಲಗು.

ನಿನ್ನ ದೇಜು

◆

ರುಮೈಥಿಯಾ
20 ಫೆಬ್ರವರಿ 2025

ದೇಜು,

ಮಳೆಯಲ್ಲಿ ಮುಖ ಎತ್ತಿ ನಿಂತ ಪಟೇಲರನ್ನು ನಾಲ್ಕು ದಿನದಿಂದ ಕಣ್ಣು ಮುಚ್ಚಿ ನೋಡುತ್ತಿದ್ದೇನೆ. ಎಷ್ಟು ಚೆನ್ನಾಗಿ ಬರೆದಿದ್ದೀ! ಇದ್ದದ್ದನ್ನು ಇದ್ದ ಹಾಗೆ ಬರೆಯುವವನು ನೀನು, ಇಷ್ಟು ಬಣ್ಣ ಎಲ್ಲಿಂದ ಬಂತು?

ಕೊಂಬು ಏಪ್ರಿಲ್‌ನಲ್ಲೇ ಉದುರಬೇಕಾ? ಕೆಲವು ಸಲ ಬೇಗ ಉದುರುವುದುಂಟಾ? ಬೇಗ ಉದುರಿದರೆ ಒಳ್ಳೆಯದಿತ್ತು. ಅವಸರ ಏನಿಲ್ಲ. ಸುಮ್ಮನೆ ಕೇಳಿದೆ.

ವಾರಿಜಾ

◆

6 ಮಾರ್ಚ್ 2025

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಉದುರಿಯೇಬಿಟ್ಟಿತು! ಬೆಳಿಗ್ಗೆ ನೋಡಿದರೆ ಪಟೇಲರ ತಲೆಯಲ್ಲಿ ಒಂದೇ ಕೊಂಬು. ನಾಚಿಕೆಯಿಂದ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದರು. ಇನ್ನೊಂದು ಮರಳಿನಲ್ಲಿ ಬಿದ್ದಿತ್ತು. ತೊಳೆದು, ಒರೆಸಿ, ಸ್ವಲ್ಪ ಎಣ್ಣೆ ಹಾಕಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಜೋಪಾನ, ತುದಿ ಚೂಪಾಗಿದೆ. ಸ್ವಲ್ಪ ಹಗುರ ಅನ್ನಿಸಬಹುದು, ಒಣಗಿದೆಯಲ್ಲ.

ಬಾಗಿಲ ಹತ್ತಿರ ಹೊಡೆಯುವಾಗ ಗಟ್ಟಿ ಮೊಳೆ ಬೇಕು. ನಾನೇ ಬಂದು ಹೊಡೆಯುತ್ತೇನೆ. ಅಲ್ಲಿಯವರೆಗೆ ನಿನ್ನ ಹತ್ತಿರ ಇಟ್ಟುಕೋ.

ನಿನ್ನ ದೇಜು

◆

ಹೆಜಮಾಡಿ
7 ಏಪ್ರಿಲ್ 2025

ಮಾಮ,

ನಾನು ಅಕ್ಷಿತಾ. ಈ ಕಾಗದವನ್ನು ಕೂತುಕೊಂಡು ಓದಿ. ನಿಮಗೆ ಫೋನ್ ಇಲ್ಲದ್ದರಿಂದ, ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನನ್ನ ಅಕ್ಷರದಲ್ಲಿ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಅಮ್ಮ ಮಾರ್ಚ್ 24ರ ಬೆಳಿಗ್ಗೆ ಹೋದರು. ಮೊನ್ನೆ ಶನಿವಾರ ಹದಿಮೂರನೆಯ ದಿನದ ಬೊಜ್ಜದ ಕ್ರಿಯೆ ಆಯಿತು. ಅಮ್ಮನನ್ನು ಒಳಗೆ ಕರೆದು ಎಲೆ ಹಾಕಿ ಬಡಿಸಿದೆವು. ಸೋದರಮಾವ ನಿಲ್ಲಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೆವು.

ಅಮ್ಮ ಡಿಸೆಂಬರ್ ಶುರುವಿನಿಂದಲೂ ಇಲ್ಲಿಯೇ ಇದ್ದರು. ರುಮೈಥಿಯಾ ಎಂದು ಬರೆದದ್ದೆಲ್ಲ ಈ ಮಂಚದ ಮೇಲೆ ಕೂತು. ಕೊನೆಗೆ ಕೂರಲೂ ಆಗುತ್ತಿರಲಿಲ್ಲ. ನನ್ನ ಶಾಲೆಯ ನೋಟ್‌ಬುಕ್ ಎದೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ನಿಮಗೆ ಮೋಸ ಮಾಡಿದೆವು ಎಂದು ನನಗೆ ದಿನಾ ಅನ್ನಿಸುತ್ತಿತ್ತು. ಒಂದು ದಿನ ಜಗಳವನ್ನೇ ಮಾಡಿದೆ. ಆಗ ಅಮ್ಮ ಹೇಳಿದರು, “ಅವನಿಗೆ ಗೊತ್ತುಂಟು, ಮಗಾ. ಮೊದಲೆಲ್ಲ ಪ್ರತಿ ಕಾಗದದಲ್ಲೂ ಯಾವಾಗ ಭೇಟಿ, ಯಾವಾಗ ಭೇಟಿ ಅಂತ ನನ್ನ ಪ್ರಾಣ ತಿಂತಿದ್ದ. ಜನವರಿಯಿಂದ ಕೇಳ್ಲೇ ಇಲ್ಲ. ನಾನು ಅಲ್ಲಿಲ್ಲ ಅಂತ ಗೊತ್ತಾದವ ಮಾತ್ರ ಕೇಳದೆ ಇರ್ತಾನೆ.”

ಮಾಮ, ಇದು ನಿಜವಾ?

ಕೊಂಬು ಮಾರ್ಚ್ 15ಕ್ಕೆ ನಮ್ಮ ಕೈ ಸೇರಿತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಸವರಿದರು. ಉಗುರಿನಿಂದ ತಟ್ಟಿ ನೋಡಿದರು, ಮೂಸಿದರು. ಆಮೇಲೆ ಬುಡ ತೋರಿಸಿ, “ಈ ಓರೆ ಕೊಯ್ತ ನೋಡು. ಸಣ್ಣವ ಇರುವಾಗ ನನಗೆ ಮಾಡಿಕೊಟ್ಟ ಸೌಟಿನ ಹಿಡಿಯೂ ಹೀಗೇ ಇತ್ತು. ಇದು ಕೊಂಬಲ್ಲ, ಮರ. ನನ್ನ ತಮ್ಮನ ಕೈ ನನಗೆ ಗೊತ್ತಾಗುದಿಲ್ವಾ?” ಎಂದರು. ಕೊಂಬನ್ನು ಎದೆಯ ಮೇಲಿಟ್ಟುಕೊಂಡು, “ಹಾಗಾದ್ರೆ ಪಟೇಲರು ಹೋದರು. ಆ ಕಿಂಡಿಯೇ ಸರಿ ಇರ್ಲಿಲ್ಲ. ಬಟ್ಟೆಯಲ್ಲಿ ಒರೆಸು ಅಂತ ಹೇಳಿದ್ದು ನಾನು” ಎಂದು ಅತ್ತರು. ಇಷ್ಟು ದಿನದ ನೋವಿಗೆ ಅಳದವರು ಅವತ್ತು ಅತ್ತರು.

ನಾನು ಮಾಮನಿಗೆ ಬರೆಯಲಾ ಎಂದು ಕೇಳಿದೆ. “ಬೇಡ. ಗೊತ್ತಾಯ್ತು ಅಂತ ಹೇಳಿದ್ರೆ ಪಟೇಲರು ಅವನ ಕಾಗದದಲ್ಲೂ ಸಾಯ್ತಾರೆ. ಅವ ಒಬ್ಬನೇ ಇದ್ದಾನೆ ಅಲ್ಲಿ” ಎಂದರು. ಕೊನೆಯವರೆಗೂ ಆ ಕೊಂಬು ಅವರ ತಲೆದಿಂಬಿನ ಪಕ್ಕದಲ್ಲೇ ಇತ್ತು. ಈಗ ಬಾಗಿಲ ಹತ್ತಿರ ಇಟ್ಟಿದ್ದೇನೆ. ಮೊಳೆ ಹೊಡೆದಿಲ್ಲ. ನೀವೇ ಬಂದು ಹೊಡೆಯುತ್ತೇನೆ ಎಂದು ಬರೆದಿದ್ದಿರಿ.

ನಿಮ್ಮ ಅಕ್ಷಿತಾ

◆

ಕುವೈತ್ ವಿಮಾನ ನಿಲ್ದಾಣ
17 ಏಪ್ರಿಲ್ 2025, ಗುರುವಾರ

ಅಕ್ಕ,

ಗುರುವಾರ ನಾನು ಕಾಗದ ಕಳಿಸುವ ದಿನ. ಇದನ್ನು ಯಾರ ಕೈಯಲ್ಲೂ ಕೊಡುವುದಿಲ್ಲ, ನಾನೇ ತರುತ್ತಿದ್ದೇನೆ. ಕಳಿಸದೆ ಇಟ್ಟುಕೊಂಡ ಎರಡು ಕಾಗದಗಳೂ ನನ್ನ ಚೀಲದಲ್ಲಿವೆ.

ನೀನು ಹೋದದ್ದು 24ಕ್ಕೆ. ಅವತ್ತು ನಾನು ಬೇಲಿಗೆ ತಂತಿ ಬಿಗಿಯುತ್ತಿದ್ದೆ. ಈದ್‌ಗೆ ಆರು ದಿನ ಉಂಟು ಎಂದು ಎಣಿಸುತ್ತಿದ್ದೆ. ಈದ್ ಆಯಿತು. ಪಾಸ್‌ಪೋರ್ಟ್ ಕೇಳಿದೆ. ಇನ್ನೊಂದು ವಾರ ಎಂದ. ಆ ವಾರವೂ ಆಯಿತು. ಮುಂದಿನ ಸೀಸನ್ನಿಗೆ ಹತ್ತು ಕಂಬ ಮೊದಲೇ ಮಾಡಿಟ್ಟು ಹೋಗು ಎಂದ. ನನ್ನ ನಾಲ್ಕು ಕಂಬಗಳಿಗೆ ಫೆಬ್ರವರಿಯಲ್ಲಿ ಎರಡು ಗಂಡುಗಳು ಬಿದ್ದವು, ಅಕ್ಕ. ಎರಡೂ ಪಟೇಲರನ್ನು ಹುಡುಕಿಕೊಂಡು ಬಂದವು. ನಿನ್ನನ್ನು ನೋಡಲು ಆ ಲೆಕ್ಕಕ್ಕೆ ಒಪ್ಪಿದ್ದೆ. ನಿನ್ನ ಕೊಂಬು ಮಾಡಿದ್ದು ಪಟೇಲರ ಕಂಬದ ಮೇಲಿನ ತುಂಡನ್ನು ಕೊಯ್ದು. ಅವರ ಹಣೆ ತಾಗಿದ ಮರ ಅದು, ಅಷ್ಟಾದರೂ ನಿಜ ಇರಲಿ ಎಂದು.

ಭಾನುವಾರ ಅಕ್ಷಿತಾಳ ಕಾಗದ ಬಂತು. ಶ್ಯಾಮಸುಂದರ್‌ಗೆ ಹೆಲೆನ್ ಹೇಳಿದ್ದಳಂತೆ, ಅವನು ಕಾಗದ ಕೊಟ್ಟು ಹೋಗದೆ ಹತ್ತಿರವೇ ನಿಂತಿದ್ದ. ಓದಿದೆ. ಗರಗಸ ತೆಗೆದುಕೊಂಡು ಹೋದೆ. ಹಾಡಹಗಲು, ಎಲ್ಲರೂ ನೋಡುತ್ತಿದ್ದ ಹಾಗೆ ಐದು ಕಂಬಗಳನ್ನೂ ಬುಡಕ್ಕೆ ಕೊಯ್ದು ಹಾಕಿದೆ. ಆಮೇಲೆ ಕಿಂಡಿಯ ಕೋಣೆ. ಡಬ್ಬಿಯ ಬಟ್ಟೆಗೆ ಬೆಂಕಿ ಕೊಟ್ಟೆ. ಗಂಡುಗಳು ದೂರದಲ್ಲಿ ನಿಂತು ಹೊಗೆ ಮೂಸಿ, ತಿರುಗಿ ಹೋದವು. ಇನ್ನು ಜೈಲು ಎಂದು ನೀರು ಕುಡಿದು ಕೂತೆ.

ಜೈಲಾಗಲಿಲ್ಲ. ಚಿಕ್ಕ ಧಣಿ ಬಂದು ಕಿರುಚಿದ, ಒದ್ದ. “ಈ ಹುಚ್ಚ ನನ್ನ ಜಾಗದಲ್ಲಿ ಒಂದು ದಿನವೂ ಇರಬಾರದು, ಖಲಾಸ್!” ಎಂದು ಮ್ಯಾನೇಜರನಿಗೆ ಹೇಳಿದ. ಪೊಲೀಸರನ್ನು ಕರೆದರೆ ಅವರು ಕಳ್ಳ ಬೇಟೆಯ ಆ ಕೋಣೆಯ ವಿಷಯವನ್ನೂ ಕೇಳುತ್ತಾರಲ್ಲ. ಮೂರೇ ದಿನದಲ್ಲಿ ವೀಸಾ ಕ್ಯಾನ್ಸಲ್, ಕೈಯಲ್ಲಿ ಪಾಸ್‌ಪೋರ್ಟ್, ಮಂಗಳೂರಿನ ಟಿಕೆಟ್ಟು. ಸಂಬಳ ಕೊಡಲಿಲ್ಲ. ಫೋನ್ ವಾಪಸ್ ಕೊಟ್ಟ. ಆನ್ ಮಾಡಿದೆ. ಸೆಪ್ಟೆಂಬರಿನ ನಿನ್ನ ಹನ್ನೊಂದು ಮಿಸ್ಡ್ ಕಾಲ್ ಹಾಗೆಯೇ ಇವೆ.

ಸುಮ್ಮನಿರು, ಸಿಟ್ಟು ಮಾಡಬೇಡ, ಓಡಿಬಂದರೆ ಜೈಲು ಎಂದು ನೀನು ಹೇಳಿದ್ದೆ, ನಾನು ಕೇಳಿದೆ. ಜೀವಮಾನದಲ್ಲಿ ನಿನ್ನ ಮಾತು ನಾನು ಪೂರಾ ಕೇಳಿದ್ದು ಇದೊಂದೇ ಸಲ. ಹೇಳಿದ ಹಾಗೆ ಕೆಲಸ ಮಾಡಿದರೆ ಕಳಿಸುತ್ತಾನೆ ಎಂದು ಕಂಬ ಹುಗಿಯುತ್ತಾ ಕೂತೆ. ಕೊಯ್ದರೆ ಮೂರು ದಿನದಲ್ಲಿ ಕಳಿಸುತ್ತಾನೆ ಎಂದು ಹೊಳೆಯಲೇ ಇಲ್ಲ. ಜನವರಿಯಲ್ಲಿ ಕೊಯ್ದಿದ್ದರೆ ನೀನು ಇನ್ನೂ ಎದ್ದು ಕೂರುತ್ತಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡು ಬೈಯುತ್ತಿದ್ದೆ.

ವಿಮಾನಕ್ಕೆ ಕರೆಯುತ್ತಿದ್ದಾರೆ. ಮೊಳೆ ಹೊಡೆಯಲು ನನ್ನ ಸುತ್ತಿಗೆ ಲಗೇಜಿನಲ್ಲಿದೆ. ಗರಗಸವೂ ಇದೆ. ಜನವರಿಯಲ್ಲೂ ಅದು ನನ್ನ ಕೈಯಲ್ಲೇ ಇತ್ತು.

ದೇಜು